ಮೊದಲನೇ ಕಾಪಿ

ಶಹಾಪುರದಲ್ಲಿ ಝೆರಾಕ್ಸ್ ಅಂಗಡಿಗಳಿಗೇನೂ ಬರವಿಲ್ಲ. ಬಸ್ ಸ್ಟ್ಯಾಂಡ್ ಎದುರಿಗೇ ನಾಲ್ಕಿವೆ. ಆದರೂ ಒಂದೇ ಒಂದು ಹಾಳೆ ಪ್ರಿಂಟ್ ತೆಗೆಸಲು ನಾನು ಸುರಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ ಫ್ರೀ ತಾನೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಹಾಳೆ ಅಂದರೆ ಜರ್ಮನಿಯ ರೈಲು ಟಿಕೆಟ್. ನಾನು ಸುರಪುರ ಶೈಲಿಯ ಹಳೆಯ ಚಿತ್ರಗಳನ್ನು ರಿಪೇರಿ ಮಾಡುವವಳು. ಹುಳ ತಿಂದ, ಮಸಿ ಹಿಡಿದ ಕಾಗದಗಳೇ ನನ್ನ ರೋಗಿಗಳು. ಆ ಕೆಲಸವನ್ನು ಇನ್ನಷ್ಟು ಕಲಿಯಲು ಬಾಂಬೆರ್ಗ್ ಎಂಬ ಊರಿನ ಮ್ಯೂಸಿಯಮ್ಮಿನವರು ಹತ್ತು ತಿಂಗಳಿಗೆ ಕರೆದಿದ್ದರು. ಅವತ್ತೇ ಸಂಜೆ ಯಾದಗಿರಿಯಲ್ಲಿ ಹೈದರಾಬಾದಿನ ರೈಲು. ಆಮೇಲೆ ವಿಮಾನ. ಫ್ರಾಂಕ್‌ಫರ್ಟಿನಲ್ಲಿ ಇಳಿದು ಮತ್ತೆ ರೈಲು. ನಡುವೆ ವುರ್ಟ್ಸ್‌ಬರ್ಗ್ ಎಂಬ ನಾಲಿಗೆ ಹೊರಳದ ಊರಲ್ಲಿ ಇಳಿದು ಇನ್ನೊಂದು ರೈಲು ಹಿಡಿಯಬೇಕು.

ಬೆಳಿಗ್ಗೆ ಎದ್ದು ನೋಡಿದರೆ ಮೇಲ್ ಬಂದಿತ್ತು. ಮೊದಲ ರೈಲಿನ ವೇಳೆ ಬದಲಾಗಿದೆ, ಹೊಸ ಟಿಕೆಟ್ ಲಗತ್ತಿಸಿದೆ. ಹಳೆಯದರಲ್ಲಿ ರೈಲು ಬದಲಿಸಲು ಇಪ್ಪತ್ತೈದು ನಿಮಿಷವಿತ್ತು. ಹೊಸದರಲ್ಲಿ ಏಳು. ಏಳೇ ನಿಮಿಷ! ನಮ್ಮಪ್ಪನಿಗೆ ಬಸ್ಸಿಂದ ಇಳಿದು ಚೀಲ ಎಣಿಸುವುದಕ್ಕೇ ಹತ್ತು ನಿಮಿಷ ಬೇಕು.

‘ಟಿಕೆಟ್ಟನ್ನು ಊರಿನಲ್ಲೇ ಪ್ರಿಂಟ್ ಮಾಡಿಕೊಂಡು ಬನ್ನಿ, ಬಿಳಿ ಎ-ಫೋರ್ ಹಾಳೆಯಲ್ಲಿ, ಅಳತೆ ಕುಗ್ಗಿಸದೆ’ ಎಂದು ಮ್ಯೂಸಿಯಮ್ಮಿನಾಕೆ ಮೊದಲೇ ಬರೆದಿದ್ದರು. ಮೂಲೆಯಲ್ಲಿರುವ ಚೌಕದ ಕೋಡ್ ಮಡಚಬಾರದು, ಕೊಳೆ ಮಾಡಬಾರದು. ಫೋನಿನಲ್ಲಿ ತೋರಿಸೋಣವೆಂದರೆ ನನ್ನ ಫೋನು ಮಧ್ಯಾಹ್ನಕ್ಕೇ ಕಣ್ಣು ಮುಚ್ಚುತ್ತದೆ.

ಇಷ್ಟು ಅಂಜಿಕೆ ಸಾಲದೆಂಬಂತೆ ಇನ್ನೊಂದಿತ್ತು. ಸುರಪುರದಲ್ಲಿ ಪ್ರೆಸ್ಸು ನಡೆಸುವ ವಿಶ್ವಾರಾಧ್ಯ ಎರಡು ವರ್ಷದಿಂದ ಹೇಳಬೇಕಾದ ಮಾತೊಂದನ್ನು ಇನ್ನೂ ಹೇಳಿರಲಿಲ್ಲ. ಇವತ್ತೂ ಹೇಳದಿದ್ದರೆ, ನಾನು ಅವನಿಗೆ ಗಿರಾಕಿಯೋ ಮತ್ತೇನೋ ಎಂದು ತಿಳಿಯದೆಯೇ ವಿಮಾನ ಹತ್ತಬೇಕಾಗಿತ್ತು.

ಅವನ ಮನೆಯೇ ಅವನ ಪ್ರೆಸ್ಸು. ಪಡಸಾಲೆಯಲ್ಲಿ ಕಂಪ್ಯೂಟರ್, ದೊಡ್ಡ ಪ್ರಿಂಟರ್, ಗೋಡೆ ತುಂಬ ಲಗ್ನಪತ್ರಗಳ ಸ್ಯಾಂಪಲ್. ಮೊದಲ ಸಲ ಚಿತ್ರಗಳ ಕ್ಯಾಟಲಾಗ್ ಮಾಡಿಸಲು ಬಂದಾಗ ‘ನಿಮ್ಮ ಹಳದಿಗೆ ಕಾಮಾಲಿ ಆದಂಗದಲ್ರಿ’ ಎಂದು ಜಗಳ ತೆಗೆದಿದ್ದೆ. ಅವನು ಹದಿಮೂರು ಸಲ ಪ್ರಿಂಟ್ ತೆಗೆದ. ಹದಿನಾಲ್ಕನೆಯದಕ್ಕೆ ನಾನು ಸುಮ್ಮನಾದೆ. ಬಣ್ಣ ಸರಿಯಾಯಿತೆಂದಲ್ಲ, ಅವನು ಹಾಳೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ.

ಆಮೇಲಿನ ಎರಡು ವರ್ಷವೂ ಅದೇ ನೋಟ, ಅದೇ ಮೌನ. ಕಾರಣದ ಬಗ್ಗೆ ನನಗೆ ಗುಮಾನಿ ಇತ್ತು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅವರ ಮನೆಯ ದೇವರ ಜಗಲಿಯ ಮೇಲೆ ಲಿಂಗ, ವಿಭೂತಿ ಗಟ್ಟಿ. ನಮ್ಮ ಕಡೆ ಈ ಎರಡು ಮನೆಗಳ ನಡುವೆ ಎಷ್ಟು ದೂರ ಎಂದು ಯಾರೂ ನಮಗೆ ಹೇಳಿಕೊಡಬೇಕಾಗಿರಲಿಲ್ಲ.

“ಬರ್ರಿ ಮೇಡಂ,” ಬಾಗಿಲಲ್ಲಿ ನನ್ನನ್ನು ಕಂಡು ವಿಶ್ವ ಅಂದ. ಹಾಗಂದರೆ ಅವನ ಅವ್ವ ಶಿವಬಸಮ್ಮ ಇಲ್ಲೇ ಎಲ್ಲೋ ಇದ್ದಾರೆಂದು ಅರ್ಥ. ಅವರಿಲ್ಲದಿದ್ದರೆ ‘ಬಾ ಯಶು’.

ಶಿವಬಸಮ್ಮ ದೇವರ ಜಗಲಿ ಒರೆಸುತ್ತಿದ್ದರು. ಆ ಮನೆಯಲ್ಲೊಂದು ಪದ್ಧತಿ. ಲಗ್ನಪತ್ರ ಯಾರದೇ ಇರಲಿ, ಮೊದಲನೇ ಕಾಪಿ ಗಿರಾಕಿಗೆ ಕೊಡುವುದಿಲ್ಲ. ಅವರು ಅದರ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಆ ಲಗ್ನ ಮುಗಿಯುವವರೆಗೆ ಜಗಲಿಯ ಮೇಲೆ ಇಡುತ್ತಾರೆ. ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲುಗಳಿಗೆ ಆ ಭಾಗ್ಯವಿಲ್ಲ.

ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, “ಇವತ್ತೇ ಹೊಂಟಿಯೇನವ್ವ?” ಎಂದರು. ಹೌದ್ರಿ ಅಂದೆ. ಮತ್ತೇನೂ ಕೇಳದೆ ಒಳಗೆ ಹೋದರು.

“ಫಿಟ್ ಟು ಪೇಜ್ ಒತ್ತಬ್ಯಾಡ,” ನಾನು ಅವನ ಹೆಗಲ ಮೇಲಿಂದ ಇಣುಕಿದೆ. “ನೂರು ಪರ್ಸೆಂಟ್ ಇಡು.”

“ನನಗ ಪ್ರಿಂಟ್ ತಗಿಯೂದು ಕಲಸಾಕ ಬಂದಿಯೇನು?”

“ಹೆಸರು ನೋಡು. ಪಾಸ್‌ಪೋರ್ಟಿನಾಗ ಇದ್ದಂಗೇ ಅದನಾ?”

“ಯಶೋಧರಾ ಮರಿಲಿಂಗಪ್ಪ. ಅದ.” ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಅಂದ, “ಆವಾಗ ಸಿದ್ಧಾರ್ಥ ಹೋದ, ಯಶೋಧರಾ ಮನ್ಯಾಗ ಉಳದಳು. ಈ ಸಲ ಯಶೋಧರಾನೇ ಹೊಂಟಾಳ.”

“ಉಳಿಯಾಂವ ಏನರೆ ಹೇಳ್ತಾನೇನು ಅಂತ ನೋಡಾಕತ್ತಾಳ.”

ಅವನ ಕಿವಿ ಕೆಂಪಾದವು. ಮೌಸ್ ಹಿಡಿದ ಬೆರಳು ನಿಂತಿತು. ಪುಣ್ಯಾತ್ಮ ಪ್ರಿಂಟ್ ಒತ್ತಿದ.

ಹಾಳೆ ಟ್ರೇಗೆ ಬೀಳುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ನನಗೆ ಮೂರು ಕಾಪಿ ಬೇಕಿತ್ತು. ಯಾವಾಗ ಬರುತ್ತದೋ ಕೇಳೋಣವೆಂದು ಇಬ್ಬರೂ ಬೀದಿಗೆ ಬಂದೆವು.

“ಲೈನ್ ಕೆಲಸ ನಡದದ. ನಾಕರ ತನಕ ಬರೂದಿಲ್ಲ, ಶಹಾಪುರದಾಗ ರಾತ್ರಿ ತನಕ ಇಲ್ಲಂತ,” ಎದುರಿನ ಪಂಕ್ಚರ್ ಅಂಗಡಿಯ ಸಿಕಂದರ ಕೂಗಿ ಹೇಳಿದ. ನನ್ನ ಬಸ್ಸು ಮೂರೂವರೆಗೆ.

“ಫಿಕರ್ ಮಾಡಬ್ಯಾಡ, ಒಂದು ಕಾಪಿ ಬಂದದಲ್ಲ,” ಎನ್ನುತ್ತ ವಿಶ್ವ ಒಳಗೆ ಬಂದ. ಟ್ರೇ ಖಾಲಿಯಿತ್ತು.

ಟಿಕೆಟ್ ದೇವರ ಜಗಲಿಯ ಮೇಲಿತ್ತು. ನಾಲ್ಕೂ ಮೂಲೆಗೆ ಅರಿಶಿನ, ಕುಂಕುಮ. ಬಲಮೂಲೆಯ ಕೋಡ್ ಅರ್ಧ ಹಳದಿ, ಅರ್ಧ ಕೆಂಪು.

ನಾನು ಬಾಯಿಗೆ ಕೈ ಇಟ್ಟುಕೊಂಡೆ. ವಿಶ್ವ ಫೋನ್ ಹಿಡಿದು ಸ್ಕ್ಯಾನ್ ಮಾಡಿ ನೋಡಿದ. ಹತ್ತಿರ ಹಿಡಿದ, ದೂರ ಹಿಡಿದ. ಏನೂ ಬರಲಿಲ್ಲ.

“ಅವ್ವಗ ಇಂಗ್ಲಿಷ್ ಬರಲ್ಲ. ಲಗ್ನಪತ್ರ ಅಂದ್ಕೊಂಡಾಳ. ಒರಸ್ತೀನಿ ತಡಿ...”

“ಮುಟ್ಟಬ್ಯಾಡ! ಅರಿಶಿನ ಕಾಗದದಾಗ ಇಳದ್ರ ಹೋಗಂಗಿಲ್ಲ. ನನ್ನ ಕೆಲಸಾನೇ ಅದು, ನನಗ ಗೊತ್ತಿಲ್ಲೇನು?” ನನ್ನ ದನಿ ಏರಿತು. ಕಣ್ಣಲ್ಲಿ ನೀರು ಬಂತು. “ಅಲ್ಲಿ ಮಷಿನ್ ಇದನ್ನ ಓದಲಿಲ್ಲ ಅಂದ್ರ ನಡುದಾರಿಯೊಳಗ ಇಳಿಸ್ತಾರ. ಏಳು ನಿಮಿಷದಾಗ ಯಾವ ಪ್ಲಾಟ್‌ಫಾರ್ಮ್ ಅಂತ ಹುಡುಕಲಿ? ಯಾರನ್ನ ಕೇಳಲಿ?”

ಬೇರೆಯವರಾಗಿದ್ದರೆ ಸಮಾಧಾನ ಹೇಳುತ್ತಿದ್ದರು. ವಿಶ್ವ ಹಾಳೆಗಳ ಎರಡು ಕಟ್ಟು ತಂದು ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟ.

“ಇದು ನಿನ್ನ ಬ್ಯಾಗ್. ಪಡಸಾಲಿ ಒಂದನೇ ಪ್ಲಾಟ್‌ಫಾರ್ಮ್, ಮಾಳಿಗಿ ನಾಕನೇದು. ಮೆಟ್ಟಲಾ ಹತ್ತು. ನಾ ಟೈಮ್ ನೋಡ್ತೀನಿ.”

“ಹುಚ್ಚು ಹಿಡದದೇನು?”

“ಆಗಲೇ ಹತ್ತು ಸೆಕೆಂಡ್ ಹೋತು.”

ಓಡಿದೆ. ಮೊದಲ ಸಲ ಚಪ್ಪಲಿ ಜಾರಿತು, ಎರಡನೇ ಸಲ ಚೀಲ ಕಂಬಿಗೆ ಸಿಕ್ಕಿತು. ಅವನು ಮೆಟ್ಟಿಲ ಕೆಳಗೆ ನಿಂತು ಜರ್ಮನ್ ಅಂದುಕೊಂಡು ಏನೋ ಅನೌನ್ಸ್‌ಮೆಂಟ್ ಕೂಗುತ್ತಿದ್ದ. ಅಳುವವಳಿಗೆ ನಗು ಬಂತು. ಮೂರನೇ ಸಲ ಮಾಳಿಗೆ ಮುಟ್ಟಿದಾಗ ಅವನೂ ಹಿಂದೆಯೇ ಏರಿ ಬಂದಿದ್ದ.

“ಒಂದೂವರೆ ನಿಮಿಷ,” ಎಂದ ಏದುಸಿರು ಬಿಡುತ್ತ. “ಇನ್ನೂ ಐದೂವರೆ ಉಳದದ. ಛಾ ಕುಡದು ಹೋಗಬಹುದು ನೀನು.”

ಬಿಸಿಲಿಗೆ ಗುಡ್ಡದ ಬಂಡೆಗಳು ಕಣ್ಣು ಚುಚ್ಚುತ್ತಿದ್ದವು. ಹಣೆಗೆ ಅಂಟಿದ ನನ್ನ ಕೂದಲನ್ನು ಸರಿಸಲು ಅವನ ಕೈ ಮೇಲೆದ್ದಿತು, ನಡುದಾರಿಯಲ್ಲೇ ನಿಂತಿತು. ಇಷ್ಟು ಹತ್ತಿರ ನಾವು ಯಾವತ್ತೂ ನಿಂತಿರಲಿಲ್ಲ.

“ಯಶು...”

“ಹೇಳು.”

“ನೀ ಹೋಗೂ ಮುಂಚೆ ನಾ ಒಂದು ಮಾತು...”

ಕೆಳಗೆ ಪ್ರಿಂಟರ್ ‘ಗುರ್ರ್’ ಎಂದಿತು. ಹೇಳಿದ್ದಕ್ಕಿಂತ ಮುಂಚೆಯೇ ಕರೆಂಟ್ ಬಂದಿತ್ತು. “ಮತ್ತ ಹೋದೀತು!” ಎಂದವನೇ ಮೆಟ್ಟಿಲಿಳಿದು ಓಡಿದ. ಎರಡು ವರ್ಷದಲ್ಲಿ ಮೊದಲ ಬಾರಿಗೆ ನನಗೆ ವಿದ್ಯುತ್ ಇಲಾಖೆಯ ಮೇಲೆ, ಕರೆಂಟ್ ಕೊಟ್ಟಿದ್ದಕ್ಕಾಗಿ, ಸಿಟ್ಟು ಬಂತು.

ಮೂರು ಕಾಪಿ ಬಂದವು. ಮೂರನ್ನೂ ಸ್ಕ್ಯಾನ್ ಮಾಡಿದೆವು, ಮೂರೂ ಓದಿಸಿಕೊಂಡವು. ಗಂಟೆ ಮೂರು ದಾಟಿತ್ತು. ಅವನು ಅವುಗಳನ್ನು ಪ್ಲಾಸ್ಟಿಕ್ ಫೈಲಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ಮಾತು ಮಾತ್ರ ಮಾಳಿಗೆಯಲ್ಲೇ ಉಳಿದಿತ್ತು. ಹೋಗಲಿ ಬಿಡು, ಗಿರಾಕಿ ಎಂದರೆ ಗಿರಾಕಿ ಎಂದುಕೊಂಡೆ. ಹಾಳಾದ ಟಿಕೆಟ್ಟನ್ನಾದರೂ ತೆಗೆದು ಹೋಗೋಣವೆಂದು ಜಗಲಿಗೆ ಕೈ ಹಾಕಿದೆ.

“ಅದನ್ನ ಮುಟ್ಟಬ್ಯಾಡ.”

ಶಿವಬಸಮ್ಮ ಬಾಗಿಲಲ್ಲಿ ನಿಂತಿದ್ದರು.

“ಅಮ್ಮಾರ, ಇದು ಲಗ್ನಪತ್ರ ಅಲ್ರಿ. ರೈಲಿನ ಟಿಕೆಟ್.”

“ನಲವತ್ತು ವರ್ಷ ಆತು ಈ ಮನ್ಯಾಗ ಲಗ್ನಪತ್ರ ನೋಡಾಕತ್ತು. ಅದರಾಗ ಎರಡು ಹೆಸರು ಇರ್ತಾವ. ಇದರಾಗ ಒಂದೇ ಅದ. ಅಷ್ಟೂ ಕಾಣವಲ್ದೇನು ನನಗ?”

ವಿಶ್ವನ ಕೈಯಿಂದ ಫೈಲು ಜಾರಿತು.

“ನೀ ಬರೂ ದಿನ ಇವ ಎರಡು ಸಲ ತಲಿ ಬಾಚ್ಕೋತಾನ,” ಅವರು ನನಗೇ ಹೇಳಿದರು, ಮಗ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. “ಅವ್ವ ಏನಂತಾಳೋ ಅಂತ ಅಂಜಿ ಬಾಯಿ ಬಿಡವಲ್ಲ. ನಾ ಏನಂತೀನಿ ಅನ್ನೂದು ಜಗಲಿ ಮ್ಯಾಲ ಇಟ್ಟೀನಿ. ನೋಡ್ಕೋರ್ರಿ.”

“ಮಂದಿ ಏನಂತಾರ್ರಿ?” ಎಂದೆ.

“ಮಂದಿ ಬಂದು ಉಂಡು ಹೋಗ್ತಾರ. ಅದಕ್ಕೇ ಅಲ್ಲೇನು ಪತ್ರ ಹೊಡಿಯೂದು?” ಎಂದು ಛಾ ಇಡಲು ಒಳಗೆ ಹೋದರು.

ವಿಶ್ವ ಜಗಲಿಯ ಹತ್ತಿರ ಬಂದ. ಜೇಬಿನಿಂದ ಪೆನ್ ತೆಗೆದು, ಆ ಕೆಟ್ಟ ಟಿಕೆಟ್ಟಿನ ಮೇಲೆ ನನ್ನ ಹೆಸರಿನ ಪಕ್ಕದಲ್ಲಿ ತನ್ನ ಹೆಸರು ಬರೆದ. ಅಕ್ಷರಗಳು ಸಾಲು ತಪ್ಪಿದ್ದವು. ಲಗ್ನಪತ್ರಗಳ ಮೇಲೆ ಸಾವಿರಾರು ಹೆಸರು ಜೋಡಿಸಿದ ಮನುಷ್ಯ!

“ಬರದ್ರ ಸಾಲದು. ಬಾಯಿಲೆ ಹೇಳು,” ಎಂದೆ. ನನ್ನ ಕೆನ್ನೆ ಒದ್ದೆಯಾಗಿತ್ತು, ಆದರೂ ಬಿಡಲಿಲ್ಲ.

“ಹದಿನಾಲ್ಕನೇ ಪ್ರಿಂಟಿಂದ ನೀ ಅಂದ್ರ ನನಗ ಜೀವ. ನಿಮ್ಮಪ್ಪಗ ನಾನೇ ಬಂದು ಕೇಳ್ತೀನಿ, ಇವತ್ತೇ, ನಿನ್ನ ಕೂಡ ಬಸ್ಸಿನಾಗ ಬಂದು. ನೀ ಹೋಗಿ ಕಲತು ಬಾ. ನನ್ನ ಮಾಡ್ಕೋತಿಯೇನು?”

“ಈಗಿಂದೀಗ ಹೇಳಬೇಕೇನು?”

“ಬಸ್ಸಿಗಿ ಇನ್ನ ಏಳು ನಿಮಿಷ ಅದ.”

“ಅಷ್ಟು ಬ್ಯಾಡ,” ಎಂದೆ. “ಹೂಂ.”

ಈ ಸಲ ಅವನ ಕೈ ನಡುದಾರಿಯಲ್ಲಿ ನಿಲ್ಲಲಿಲ್ಲ. ಕೂದಲು ಸರಿಸಿ, ಕಿವಿಯ ಹಿಂದೆ ಸಿಕ್ಕಿಸಿತು.

ಛಾ ಬಾಯಿ ಸುಡುವಷ್ಟು ಬಿಸಿ ಇತ್ತು, ನಿಂತೇ ಕುಡಿದೆವು. ಬಾಗಿಲ ತನಕ ಬಂದ ಶಿವಬಸಮ್ಮ ನನ್ನ ಕೈಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ತುರುಕಿದರು.

“ಹತ್ತು ತಿಂಗಳು ಅಂದ್ರ ಹತ್ತೇ ತಿಂಗಳು ನೋಡವ್ವ. ಅದಕ್ಕಿಂತ ಜಾಸ್ತಿ ಜಗಲಿ ಮ್ಯಾಲ ಕಾಗದ ಇಡಾಕ ಆಗೂದಿಲ್ಲ. ಹುಳ ತಿಂತಾವ.”

ಅರಿಶಿನ ಹಚ್ಚಿದ ಕಾಗದದ ಹತ್ತಿರ ಹುಳ ಸುಳಿಯುವುದಿಲ್ಲ, ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

“ಹತ್ತೇ ತಿಂಗಳ್ರಿ,” ಅಂದೆ.