ಕಾದ ಮೇಲಿನ ಪರೀಕ್ಷೆ

ಬೆಳಿಗ್ಗೆ ಮೊದಲು ಏರ್ ಫಿಲ್ಟರ್, ಅನಂತರ ಸ್ಪಾರ್ಕ್ ಪ್ಲಗ್, ಮಧ್ಯಾಹ್ನದೊಳಗೆ ಕಾರ್ಬ್ಯುರೇಟರ್. ಕೊನೆಯಲ್ಲಿ, ಇಂಜಿನ್ ಚೆನ್ನಾಗಿ ಕಾದ ಮೇಲೆ, ಮತ್ತೊಂದು ಪರೀಕ್ಷೆ: ಎಕ್ಸಿಲರೇಟರ್ ಬಿಟ್ಟೊಡನೆ ಚೈನ್ ನಿಲ್ಲುತ್ತದೆಯೆ ಎಂದು. ಮರ ಕೊಯ್ಯುವ ಹಳೆಯ ಚೈನ್‌ಸಾಗಳನ್ನು ರಿಪೇರಿ ಮಾಡುವ ಆ ಶೆಡ್ಡಿನ ಒಡತಿ ಹೇಳಿಕೊಟ್ಟ ಕ್ರಮ ಇದು. ಲ್ಯಾಬಿನ ಕೆಲಸ ಬಿಟ್ಟು ಅಲ್ಲಿ ಕಲಿಯಲು ಬಂದಿದ್ದ ಹುಡುಗಿ ಕ್ರಮ ತಪ್ಪಿದವಳೇ ಅಲ್ಲ. ಆದರೆ ಅಂದು ಕೊನೆಯ ಪರೀಕ್ಷೆಯ ಹೊತ್ತಿಗೆ ಮರ ಕಡಿಯುವವನು ಬಾಗಿಲಿಗೆ ಒರಗಿ ನಿಂತಿದ್ದ.

ಅವನು ಒಡತಿಯ ತಮ್ಮನ ಮಗ. ಅವನು ಅತ್ತೆ, ಅತ್ತೆ ಎನ್ನುವುದನ್ನು ಕೇಳಿ ಕೇಳಿ ಒಮ್ಮೆ ಅವಳ ಬಾಯಿಂದಲೂ ಅದೇ ಮಾತು ಜಾರಿತ್ತು. "ಅಷ್ಟೇನಮ್ಮ ಅವಸರ ನಿಂಗೆ?" ಎಂದು ಒಡತಿ ಸ್ಪ್ಯಾನರ್ ಒರೆಸುತ್ತಲೇ ಕೇಳಿದ್ದಳು. ಅಂದಿನಿಂದ ಅವನ ನೋಟ ತಾಗಿದರೆ ಸಾಕು, ಅವಳ ಕೈಯಿಂದ ನಟ್ಟು ಉರುಳುತ್ತಿತ್ತು.

ಅವಳು ಮೊದಲ ಬಾರಿ ಒಬ್ಬಳೇ ಜೋಡಿಸಿದ ಮಷಿನ್ನನ್ನೇ ಅವನು ಎತ್ತಿಕೊಂಡ.

"ಇನ್ನೂ ಕಾದಿಲ್ಲ ಅದು," ಎಂದಳು.

"ನಾನು ಕಾದಿದ್ದೀನಲ್ಲ, ಸಾಕು ಬನ್ನಿ."

ಅವಳು ನಕ್ಕುಬಿಟ್ಟಳು. ಪರೀಕ್ಷೆ ಅಲ್ಲಿಗೇ ಉಳಿಯಿತು.

ಶಾಲೆಯ ಗೋಡೆಗೆ ವಾಲಿದ್ದ ಮರವನ್ನು ಅವನು ಸೊಂಟಕ್ಕೆ ಪಟ್ಟಿ ಬಿಗಿದು ಏರಿದ. ಅವನ ಸೊಂಟದ ಪಟ್ಟಿಯಿಂದ ಇಳಿಬಿದ್ದು ಮಷಿನ್ ಮೇಲೇರಿಸಿದ ಹಗ್ಗದ ತುದಿ ಅವಳ ಕೈಯಲ್ಲಿತ್ತು. ಅದನ್ನು ಮೆಲ್ಲಗೆ ಜಗ್ಗಿ ಅವನನ್ನು ಕೆಣಕುವುದು ಅವರಿಬ್ಬರ ಹಳೆಯ ಆಟ.

ಎರಡನೆಯ ಕೊಂಬೆ ಬಿದ್ದಾಗ ಅವಳು ಕಿವಿಗೊಟ್ಟಳು. ಅವನು ಎಕ್ಸಿಲರೇಟರ್ ಬಿಟ್ಟಿದ್ದರೂ ಸದ್ದು ಇಳಿದಿರಲಿಲ್ಲ. ಚೈನ್ ಅವನ ತೊಡೆಯ ಪಕ್ಕದಲ್ಲೇ ತಿರುಗುತ್ತಿತ್ತು. ಕಾರ್ಬ್ಯುರೇಟರ್ ಹಿಂದಿನ ರಬ್ಬರ್ ಕೊಳವೆಯ ಅಂಚನ್ನು ತಾನು ಮಡಚಿ ಕೂರಿಸಿರಬೇಕು. ಬಿಸಿಗೆ ಸಂದು ಬಿಟ್ಟು ಒಳಗೆ ಗಾಳಿ ನುಗ್ಗಿ, ಇಂಜಿನ್ನಿನ ವೇಗ ಇಳಿಯದಂತಾಗಿರಬೇಕು. ಅವಳು ಕೂಗಿದಳು. ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿದ್ದವನಿಗೆ ಕೇಳಲಿಲ್ಲ. ಹಗ್ಗ ಜಗ್ಗಿದಳು. ಅವನು ಆಟವೆಂದುಕೊಂಡು ನಕ್ಕು, ಒಂದು ಕೈ ಬಿಟ್ಟು ಬೀಸಿದ. ಇನ್ನೊಮ್ಮೆ ಜಗ್ಗಲು ಅವಳಿಗೆ ಧೈರ್ಯ ಸಾಲಲಿಲ್ಲ.

ಉಳಿದದ್ದು ಒಂದೇ ಊಹೆ. ಹಗ್ಗ ಅಲುಗದಿದ್ದಾಗಲೂ ಅವನು ತನ್ನತ್ತ ನೋಡುತ್ತಿದ್ದರೆ, ತಾನು ಹೊರಟದ್ದು ಕಂಡು ಇಂಜಿನ್ ನಿಲ್ಲಿಸುತ್ತಾನೆ. ಇಲ್ಲವಾದರೆ, ಅವನಿಗೆ ಏನಾದರೂ ಆದ ಗಳಿಗೆಯಲ್ಲಿ ಕೆಳಗೆ ಯಾರೂ ಇರುವುದಿಲ್ಲ. ಅವಳು ಹಗ್ಗವನ್ನು ನೆಲಕ್ಕಿಟ್ಟು, ಬೆನ್ನು ತಿರುಗಿಸಿ, ಗೋಡೆಯ ಮರೆಗೆ ನಡೆದಳು. ಹಿಂದೆ ಇಂಜಿನ್ ಒಂದೇ ಸಮನೆ ಕಿರುಚುತ್ತಿತ್ತು.

ಸದ್ದು ಫಕ್ಕನೆ ನಿಂತಿತು.

"ಎಲ್ಲಿಗೆ ಹೊರಟ್ರಿ? ಸಿಟ್ಟಾ?" ಮೇಲಿನಿಂದ ಅವನ ದನಿ.

"ಅದನ್ನ ಮತ್ತೆ ಸ್ಟಾರ್ಟ್ ಮಾಡ್ಬೇಡ. ಇಳಿ ಕೆಳಗೆ."

ಮಾತು ಏಕವಚನಕ್ಕೆ ಇಳಿದದ್ದು ಅವಳಿಗೆ ಆಮೇಲೆ ತಿಳಿಯಿತು. ಅವನು ಇಳಿದು ಬಂದಾಗ ಅವಳು ಬಿಟ್ಟ ಪರೀಕ್ಷೆಯನ್ನೂ ತನ್ನ ತಪ್ಪನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಅವಸರ ಮಾಡಿದ್ದು ತಾನೇ ಎಂದು ಅವನೂ ಒಪ್ಪಿಕೊಂಡ. ಗ್ರೀಸ್ ಮೆತ್ತಿದ ಅವಳ ಕೈಗಳನ್ನು ಅವನು ತನ್ನ ಕೈಯೊಳಗೆ ತೆಗೆದುಕೊಂಡ.

"ಹಗ್ಗ ಎಳೆದ್ರೆ ನಿಲ್ಲಿಸ್ಲಿಲ್ಲ. ನಾನು ಹೋದ್ರೆ ಯಾಕೆ ನಿಲ್ಲಿಸ್ದೆ?"

"ಕೆಳಗೆ ನೀನು ಕಾಣದಿದ್ರೆ ನಂಗೆ ಕೈಯೇ ಓಡಲ್ಲ ಕಣೇ."

ಅವಳ ಊಹೆ ಸರಿಯಾಗಿತ್ತು.