ಗೋರಿಕಲ್ಲೆಂದು ಹೊರಟ ಕಲ್ಲು

ಹೊದಿಕೆ ಸರಿಸಿ, ಕಲ್ಲಿನ ಮೇಲೆ ತನ್ನ ಪುಟ್ಟ ಯಂತ್ರವನ್ನಿಟ್ಟು ನೋಡಿದ ಪ್ರಯೋಗಾಲಯದ ಇಂಜಿನಿಯರ್ ಹಾಗೇ ನಿಂತುಬಿಟ್ಟರು.

"ಇದು ನಮ್ಮ ಮೇಜಲ್ಲ."

"ಮೇಜಲ್ಲದೆ ಮತ್ತೇನು ಸಾರ್?" ಕಾರ್ಖಾನೆಯ ಯಜಮಾನ ಶಿವನಂಜಯ್ಯ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು.

"ಬರೀ ಕಲ್ಲು. ನಿಮ್ಮ ಅಂಗಳದಲ್ಲಿ ಬಿದ್ದಿವೆಯಲ್ಲ, ಅಂಥದ್ದು. ನಮ್ಮದೆಲ್ಲಿ?"

ಕೊಳ್ಳೇಗಾಲದ ಹೊರಗಿನ ಕರಿಗಲ್ಲು ಕಾರ್ಖಾನೆಯಲ್ಲಿ, ಸೋಮವಾರ ಬೆಳಗ್ಗೆ, ನನ್ನ ಕಣ್ಣೆದುರೇ ನಡೆದದ್ದು ಇದು. ನಾನು ಹೆಡ್ ಕಾನ್‌ಸ್ಟೇಬಲ್ ಚಿಕ್ಕಸಿದ್ದಯ್ಯ. ಆ ಕಲ್ಲಿನ ಮೇಜು ದೂರದ ಸರ್ಕಾರಿ ಪ್ರಯೋಗಾಲಯಕ್ಕೆ ಹೊರಟಿತ್ತು, ಬೆಂಗಾವಲಿಗೆ ನನ್ನನ್ನು ಹಾಕಿದ್ದರು. ಮಂತ್ರಿಗಳ ಹಿಂದೆ ಓಡಾಡಿ ಬೂಟು ಸವೆಸಿದ್ದು ಸಾಲದೆ ಈಗ ಕಲ್ಲಿನ ಹಿಂದೆಯೂ ಓಡಬೇಕೆ ಎಂದು ನನಗೆ ಬೆಳಗಿನಿಂದಲೇ ರೇಗಿತ್ತು.

ನಮ್ಮ ಕಡೆಯ ಕರಿಗಲ್ಲು ಹೊರದೇಶಕ್ಕೆ ಗೋರಿಕಲ್ಲಾಗಿ ಹೋಗುವುದು ಎಲ್ಲರಿಗೂ ಗೊತ್ತು. ಅದನ್ನೇ ತಿಂಗಳುಗಟ್ಟಲೆ ಉಜ್ಜಿ, ಕೂದಲೆಳೆಯಷ್ಟೂ ಏರುತಗ್ಗಿಲ್ಲದ ಮೇಜು ಮಾಡುತ್ತಾರೆ. ಕ್ಷಿಪಣಿಗೆ ದಿಕ್ಕು ತೋರಿಸುವ ಯಂತ್ರವನ್ನು ಆ ಮೇಜಿನ ಮೇಲಿಟ್ಟೇ ಪರೀಕ್ಷಿಸುತ್ತಾರೆ. ಬಿಸಿಲಿಗೆ ಕಬ್ಬಿಣ ಹಿಗ್ಗಿದಷ್ಟು ಕರಿಗಲ್ಲು ಹಿಗ್ಗುವುದಿಲ್ಲವಂತೆ. ಇದೆಲ್ಲ ನನಗೆ ತಿಳಿದದ್ದು ಅವತ್ತು, ಕಲ್ಲು ಕಳೆದುಹೋದ ಮೇಲೆ.

ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಿಂದ ಕೇಂದ್ರ ತನಿಖಾ ತಂಡದ ಕಾಮತ್ ಸಾಹೇಬರು ಬಂದಿಳಿದರು. ಮಂಗಳೂರಿನವರು. ಒಳ್ಳೆಯವರೇ, ಆದರೆ ಅವಸರದ ಮನುಷ್ಯ. ಭಾನುವಾರ ರಜೆ. ಕಾರ್ಖಾನೆಯಲ್ಲಿದ್ದವನು ಕಾವಲುಗಾರ ಬೆಳ್ಳಯ್ಯ ಒಬ್ಬನೇ. ಕಲ್ಲು ಒಯ್ದ ಲಾರಿಗೆ ಗೇಟು ತೆಗೆದವನೂ ಅವನೇ. ಸಂಜೆಯೊಳಗೆ ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗಿನ ಅವನ ಹಟ್ಟಿ, ಪೋಡಿನಿಂದ ಅವನನ್ನು ಹಿಡಿದು ತಂದು ಕೂರಿಸಿದರು.

ಲಾರಿ ಹನೂರಿಗೆ ಹೋಯಿತೆಂದು ಬೆಳ್ಳಯ್ಯ ಹೇಳಿದನಂತೆ. ರಾತ್ರಿಯೇ ನಾಕಾಬಂದಿ ಹಾಕಿಸಿದರು. ಹನೂರು, ಮಹದೇಶ್ವರ ಬೆಟ್ಟ, ಅತ್ತ ಗೋಪಿನಾಥಂವರೆಗೂ ಜಾಲಾಡಿದ್ದಾಯಿತು. ಬೆಳಗಾದರೂ ಒಂದು ಜಲ್ಲಿಕಲ್ಲೂ ಸಿಗಲಿಲ್ಲ.

"ಸುಳ್ಳ," ಎಂದರು ಕಾಮತರು. "ಬೇಕೆಂದೇ ದಾರಿ ತಪ್ಪಿಸಿದ್ದಾನೆ. ಇವತ್ತು ಸಂಜೆ ಬೆಂಗಳೂರಿಗೆ ಕರೆದೊಯ್ಯುತ್ತೇನೆ."

ದೇಶದ ಭದ್ರತೆಯ ಕಾಯಿದೆ. ಒಳಗೆ ಹೋದರೆ ಜಾಮೀನಿನ ಮಾತಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಅವನ ಹೆಂಡತಿ ಬೊಮ್ಮಿ ಹಿಂದಿನ ರಾತ್ರಿಯಿಂದ ಕೂತಿದ್ದಳು. ಅಳುತ್ತಿರಲಿಲ್ಲ. ಒಳಗೆ ಹೋಗಿಬರುವ ಪ್ರತಿಯೊಬ್ಬರ ಮುಖವನ್ನೂ ದಿಟ್ಟಿಸುತ್ತಿದ್ದಳು.

ಮೈಸೂರಿನ ತರಬೇತಿ ಮುಗಿಸಿ ನಮ್ಮ ಇನ್‌ಸ್ಪೆಕ್ಟರ್ ರೂಪ ಮೇಡಂ ಠಾಣೆಗೆ ಕಾಲಿಟ್ಟದ್ದು ಮಂಗಳವಾರ ಬೆಳಗ್ಗೆ. ಯಳಂದೂರಿನ ಹೆಣ್ಣುಮಗಳು. ಮಾತು ಕಮ್ಮಿ, ಕಿವಿ ಜಾಸ್ತಿ.

"ಯಾರಿದು ಸಿದ್ದಯ್ಯನೋರೆ, ಮೆಟ್ಟಿಲ ಮೇಲೆ?"

ಹೇಳಿದೆ. ಅವರು ಟೋಪಿ ಮೇಜಿನ ಮೇಲಿಟ್ಟು ನೇರ ಕಾಮತರ ಎದುರು ಕೂತರು.

"ಸಾರ್, ಆ ಕಲ್ಲು ಯಾರಿಗೆ ಬೇಕಾಗಿದೆ?"

ಕಾಮತರು ನಿಟ್ಟುಸಿರು ಬಿಟ್ಟರು. "ಕಡಲಾಚೆ ಎರಡು ದೇಶಗಳಿವೆ. ಹೆಸರು ಹೇಳುವಂತಿಲ್ಲ. ಇಬ್ಬರಿಗೂ ಗಡಿ ತಂಟೆ. ಹೋದ ವರ್ಷ ಒಬ್ಬ ಒಂದು ದೊಡ್ಡ ದೇಶದಿಂದ ರಾಶಿ ಕ್ಷಿಪಣಿ ಕೊಂಡ. ಕೊಂಡವನು ಹೇಳಿದ್ದು, ನನ್ನ ರಕ್ಷಣೆಗೆ ಮಾತ್ರ ಅಂತ. ಆದರೆ ಪಕ್ಕದವನಿಗೆ ನಿದ್ದೆ ಹೋಯಿತು. ಅವನಿಗೆ ಯಾರೂ ಆಯುಧ ಮಾರುವ ಹಾಗಿಲ್ಲ, ನಿರ್ಬಂಧವಿದೆ. ಏನು ಮಾಡುತ್ತಾನೆ? ತಾನೇ ತಯಾರಿಸಲು ಹೊರಟಿದ್ದಾನೆ. ಯಂತ್ರ ಒಂದು ಕಡೆಯಿಂದ, ಚಿಪ್ ಇನ್ನೊಂದು ಕಡೆಯಿಂದ, ಎಲ್ಲವೂ ಬೇರೆ ಬೇರೆ ಹೆಸರಲ್ಲಿ, ಮೂರನೆಯವರ ಕೈಯಿಂದ."

"ಮೇಜು ಇಲ್ಲಿಂದ."

"ಹೌದು. ಅದು ತಲುಪಿತು ಅಂದುಕೊಳ್ಳಿ. ಇವನ ಕ್ಷಿಪಣಿಯ ಗುರಿ ನೆಟ್ಟಗಾಗುತ್ತದೆ. ಸುದ್ದಿ ಕೇಳಿ ಆಚೆಯವನು ಇನ್ನಷ್ಟು ಕೊಳ್ಳುತ್ತಾನೆ. ದೊಡ್ಡ ದೇಶಗಳು ಒಂದೊಂದು ಪಕ್ಷ ವಹಿಸುತ್ತವೆ. ನಮ್ಮ ಎಣ್ಣೆ ಹಡಗುಗಳು ಓಡಾಡುವುದೂ ಅವರಿಬ್ಬರ ನಡುವಿನ ಕಡಲಲ್ಲೇ. ಕೊನೆಗೆ ಕಲ್ಲು ಎಲ್ಲಿಯದು ಎಂದು ಹುಡುಕಿದರೆ? ಭಾರತದ್ದು. ನಾಳೆ ನಮಗೆ ಬೇಕಾದ್ದನ್ನೂ ಯಾರೂ ಕೊಡುವುದಿಲ್ಲ."

ಎಲ್ಲಿಯ ಗಡಿ ಜಗಳ, ಎಲ್ಲಿಯ ಬೆಳ್ಳಯ್ಯ. ಅವರು ಕೊಂಡರಂತೆ, ಇವರು ಕೊಂಡರಂತೆ, ಕೈಗೆ ಕೋಳ ಬೀಳುವುದು ಮಾತ್ರ ನಮ್ಮ ಕಾಡಿನ ಮನುಷ್ಯನಿಗೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬೊಮ್ಮಿಗೆ ಟೀ ತರಲು ಎದ್ದು ಹೋದೆ.

ನಾನು ಮರಳುವಷ್ಟರಲ್ಲಿ ಮೇಡಂ ಬೆಳ್ಳಯ್ಯನ ಜೊತೆ ಒಳಕೋಣೆಯಲ್ಲಿದ್ದರು. ಬಾಗಿಲ ಬಳಿ ನನಗೆ ಕೇಳಿಸಿದ್ದು ಕೊನೆಯ ತುಂಡು ಮಾತ್ರ.

"...ದಿನಾ ಗೋರಿಕಲ್ಲು ಲಾರಿ ಓಯ್ತಿರ್ತಾವಲ್ಲ ಮೇಡಮ್ಮಾ, ಅಂಗೇ ಇದೂವೆ ಅಂದ್ಕಂಡೆ. ಕ್ರೇನು ಲಾರೀಲೇ ಇತ್ತು. ಶೆಡ್ ಬೀಗದ ಕೈನೂ ಲಾರಿಯೋನತ್ರನೇ ಇತ್ತು. ಯಜಮಾನ್ರೇ ಕಳ್ಸವ್ರೆ ಅಂತ ನಂಬ್ದೆ."

"ಹೊರಡುವಾಗ ಫೋನಿನಲ್ಲಿ ಏನೋ ಅಂದನಂತಲ್ಲ, ಅದನ್ನು ಇನ್ನೊಂದು ಸಲ ಹೇಳಿ. ಅವನು ಹೇಗಂದನೋ ಹಾಗೇ."

ಬೆಳ್ಳಯ್ಯ ಗೊಣಗಿದ. ನನಗೆ ಕೇಳಿಸಲಿಲ್ಲ.

"ಕಾಮತ್ ಸಾಹೇಬರಿಗೂ ಹೀಗೇ ಹೇಳಿದ್ರಾ?"

"ಊಂ. ಆಮೇಕೆ ಅವ್ರು ಏನೇನೋ ಕೇಳುದ್ರು. ಬಯ ಆಯ್ತು. ಕೇಳುದ್ಕೆಲ್ಲ ಊಂ ಊಂ ಅಂದ್ಬುಟ್ಟೆ."

ಮೇಡಂ ಹೊರಗೆ ಬಂದರು. ಮುಖದಲ್ಲಿ ಏನೂ ಇಲ್ಲ. ಯಾರಿಗೋ ಫೋನು ಹಚ್ಚಿ ನಾಲ್ಕು ಮಾತಾಡಿ ಇಟ್ಟರು. ಆಮೇಲೆ ಮೂವರನ್ನು ಒಬ್ಬೊಬ್ಬರಾಗಿ ಕರೆಸಿದರು.

ಮೊದಲು ಶಿವನಂಜಯ್ಯ. ಭಾನುವಾರ ಮೈಸೂರಿನಲ್ಲಿ ಬೀಗರ ಮನೆ ಮದುವೆ. ನೂರಾರು ಜನ ನೋಡಿದ್ದಾರೆ.

"ಈ ಮೇಜು ಹೋದ್ರೆ ನನ್ನ ಹೆಸರೇ ಹೋಯ್ತು ಮೇಡಂ," ಎಂದು ಪಂಚೆಯ ತುದಿಯಿಂದ ಹಣೆ ಒರೆಸಿಕೊಂಡರು. "ಇಪ್ಪತ್ತು ವರ್ಷ ಗೋರಿಕಲ್ಲು ಮಾರಿದೋನು ನಾನು. ಈಗ ತಾನೇ ಒಂದು ಗೌರವದ ಕೆಲಸ ಸಿಕ್ಕಿತ್ತು."

ಎರಡನೆಯವನು ಮೇಸ್ತ್ರಿ ನಟರಾಜು. ಯಜಮಾನರದ್ದು ಬಿಟ್ಟರೆ ಶೆಡ್ಡಿನ ಇನ್ನೊಂದು ಬೀಗದ ಕೈ ಅವನದು.

"ಯಾರಿಗಾದ್ರೂ ಕೊಟ್ಟಿದ್ಯಾ?"

"ಇಲ್ಲ ಮೇಡಂ. ನನ್ ಜೋಬಲ್ಲೇ ಇತ್ತು."

"ಒಂದು ಗಳಿಗೆಗೂ ಕೊಟ್ಟಿಲ್ಲ?"

"ಇಲ್ಲ ಅಂದ್ನಲ್ಲ." ಅವನ ಅಂಗಿ ಬೆನ್ನಿಗೆ ಅಂಟಿತ್ತು. ಇವನೇ ಕಳ್ಳ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ.

ಮೂರನೆಯವರು ಶಾಂತರಾಜು. ಹೊರದೇಶದ ಕಂಪನಿಯೊಂದಕ್ಕೆ ಗೋರಿಕಲ್ಲು ಆರಿಸಲು ಬಂದು, ಒಂದು ವಾರದಿಂದ ಪೇಟೆಯ ಲಾಡ್ಜಿನಲ್ಲಿದ್ದ ಏಜೆಂಟು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ.

"ನಾನು ಬೆಂಗಳೂರಿನವನು ಮೇಡಂ. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಈ ಸೀಮೆಯ ಹನುಭವ ನನಗಿಲ್ಲ."

"ಭಾನುವಾರ ಎಲ್ಲಿದ್ದಿರಿ?"

"ಲಾಡ್ಜಿನಲ್ಲಿ. ಹೂಟವನ್ನೂ ಕೋಣೆಗೇ ತರಿಸಿಕೊಂಡೆ. ನನ್ನ ಮೇಲೆ ಹನುಮಾನವಿದ್ದರೆ ಧಾರಾಳವಾಗಿ ವಿಚಾರಿಸಿ."

ಎಂಥ ನಯ. ಹಕಾರವನ್ನು ಒತ್ತಿ ಒತ್ತಿ ನುಡಿಯುತ್ತಿದ್ದ. ನಮ್ಮ ಠಾಣೆಯಲ್ಲಿ ಹಕಾರದ ಸದ್ದು ಕೇಳುವುದೇ ಅಪರೂಪ. ಓದಿದವರೆಂದರೆ ಹೀಗಿರಬೇಕು ಎಂದುಕೊಂಡೆ. ಮೇಡಂ ಮಾತ್ರ ಅವನ ಬಾಯನ್ನೇ ನೋಡುತ್ತಿದ್ದರು.

"ಲಾರಿ ಹನೂರಿಗೆ ಹೋಗಿದೆಯಂತೆ, ನಿಮಗೆ ಆ ಊರು ಗೊತ್ತೇ?" ಕಾಮತರು ನಡುವೆ ಬಾಯಿ ಹಾಕಿದರು.

"ನಿನ್ನೆಯಿಂದ ಎಲ್ಲರೂ ಹನೂರು ಹನೂರು ಎನ್ನುತ್ತಿದ್ದಾರೆ ಸಾರ್. ಹೆಸರು ಕೇಳಿದ್ದೇ ನಿನ್ನೆ."

"ಸರಿ, ಹೊರಗೆ ಕೂತಿರಿ," ಎಂದರು ಮೇಡಂ.

ಊಟದ ಹೊತ್ತು ಕಳೆಯಿತು. ಕಾಮತರ ಡ್ರೈವರು ಜೀಪು ಒರೆಸತೊಡಗಿದ. ಬೊಮ್ಮಿ ಎದ್ದು ನಿಂತಳು. ಮೇಡಂ ತಟ್ಟನೆ ಎದ್ದು ಶಾಂತರಾಜುವನ್ನು ಮತ್ತೆ ಒಳಗೆ ಕರೆದರು. ಕಾಮತರೂ ಇದ್ದರು, ನಾನೂ ಇದ್ದೆ.

"ಕುತ್ಕಳಿ," ಎಂದರು ಮೇಡಂ. ನಾನು ತಲೆಯೆತ್ತಿದೆ. ಠಾಣೆಯಲ್ಲಿ ಅವರು ಹೀಗೆ ಮಾತಾಡಿದವರೇ ಅಲ್ಲ. "ಏನಿಲ್ಲ, ಒಂದೇ ಮಾತು. ಆ ಲಾರಿ ಒನ್ನೂರ್ಗೇ ಓಗಿರೋದು ಅಂತ ಗೊತ್ತಾಯ್ತು. ನಿಮ್ಗೇನಾರ ಸುದ್ದಿ ಇದ್ದದಾ?"

"ಹೊನ್ನೂರಿಗೂ ನನಗೂ ಏನು ಸಂಬಂಧ ಮೇಡಂ?"



"ಹೊನ್ನೂರಾ?" ಕಾಮತರು ಹುಬ್ಬೇರಿಸಿದರು. "ಹನೂರಲ್ಲವೇ? ಹೊನ್ನೂರು ಅಂದರೆ ಎಲ್ಲಿ?"

"ಅದನ್ನು ಇವರನ್ನೇ ಕೇಳಬೇಕು ಸಾರ್," ಎಂದರು ಮೇಡಂ. ಮಾತು ಮತ್ತೆ ಇನ್‌ಸ್ಪೆಕ್ಟರದಾಗಿತ್ತು. "ಹನೂರಿನ ಹೆಸರೇ ನಿನ್ನೆ ಕೇಳಿದ ಬೆಂಗಳೂರಿನವರು. ನಾನು ಒನ್ನೂರು ಅಂದೆ. ನಿಮಗೆ ಅದು ಹನೂರು ಎಂದು ಕೇಳಿತು. ಹೊರಗಿನ ಯಾರಿಗಾದರೂ ಹಾಗೇ ಕೇಳಬೇಕು. ಇವರಿಗೆ ಮಾತ್ರ ಹೊನ್ನೂರು ಎಂದು ಹೇಗೆ ಕೇಳಿತು?"

ಶಾಂತರಾಜು ಏಳಲು ಹೋದ, ಮೇಡಂ ಕೈ ತೋರಿಸಿ ಕೂರಿಸಿದರು.

"ನಮ್ಮ ಸೀಮೆಯಲ್ಲಿ ಹಕಾರ ಬಾಯಲ್ಲೇ ಕರಗುತ್ತದೆ ಸಾರ್. ಹನೂರನ್ನು ಅನೂರು ಅನ್ನುತ್ತೇವೆ. ಹೊನ್ನೂರನ್ನು ಒನ್ನೂರು. ಹನೂರು ಕೊಳ್ಳೇಗಾಲದಿಂದ ಆ ಕಡೆ. ಹೊನ್ನೂರು ಈ ಕಡೆ, ಯಳಂದೂರು ತಾಲ್ಲೂಕು. ಲಾರಿಯವನು ಒನ್ನೂರ್ಗೆ ತಕಂಡೋಯ್ತೀನಿ ಅಂದ. ಬೆಳ್ಳಯ್ಯ ನಿಮಗೂ ಅದನ್ನೇ ಹೇಳಿದ, ಅಕ್ಷರ ತಪ್ಪದೆ. ನೀವು ಹನೂರು ಎಂದು ಬರೆದುಕೊಂಡಿರಿ."

ಕಾಮತರ ಮುಖ ಕೆಂಪಾಯಿತು. "ಅವನು ಊಂ ಅಂದ."

"ಪೊಲೀಸರು ಕೇಳಿದರೆ ಯಾರು ಸಾರ್ ಊಂಹೂಂ ಅಂತಾರೆ?"

"ಇದೊಂದರಿಂದ ನಾನು ಕಳ್ಳನಾಗಿಬಿಟ್ಟೆನೇ?" ಶಾಂತರಾಜುವಿನ ದನಿ ಏರಿತು. "ಹಾಧಾರ ಇದೆಯೇ ನಿಮ್ಮಲ್ಲಿ?"

"ಆಧಾರ ನೀವೇ ಕೊಡ್ತಾ ಬಂದಿದ್ದೀರಿ." ಮೇಡಂ ಮೊದಲ ಸಲ ನಕ್ಕರು. "ಹುಟ್ಟು ಬೆಂಗಳೂರಿನವರು ಊಟಕ್ಕೆ ಹೂಟ ಅನ್ನುವುದಿಲ್ಲ. ಅನುಭವ ಹನುಭವ ಆಗುವುದಿಲ್ಲ. ಅನುಮಾನ ಹನುಮಾನ ಆಗುವುದಿಲ್ಲ. ಹಾಗಾಗುವುದು ನಮಗೆ, ಈ ಸೀಮೆಯವರಿಗೆ. ಊರು ಬಿಟ್ಟು ಹೋಗಿ, ಹಕಾರ ಬಿಟ್ಟದ್ದಕ್ಕೆ ಯಾರೋ ನಕ್ಕರು ಅಂತ ನಾಚಿಕೊಂಡು, ಬೇಕಾದ ಕಡೆ ಬೇಡದ ಕಡೆ ಎಲ್ಲ ಹಕಾರ ತುರುಕುತ್ತೇವೆ. ಕಾಲೇಜು ಸೇರಿದ ವರ್ಷ ನಾನೂ ಹಾಗೇ ಮಾತಾಡ್ತಿದ್ದೆ. ಹುಟ್ಟಿದ ಊರನ್ನು ನಾಲಿಗೆಯಿಂದ ಮುಚ್ಚಲು ಹೋದಿರಿ ಶಾಂತರಾಜು ಅವರೇ, ನಾಲಿಗೆಯೇ ತೋರಿಸಿಕೊಟ್ಟಿತು."

ಫೋನು ಬಡಿದುಕೊಂಡಿತು. ಮೇಡಂ ಸ್ಪೀಕರಿಗೆ ಹಾಕಿದರು. ಯಳಂದೂರು ಠಾಣೆಯ ರಾಜಣ್ಣ.

"ಸಿಕ್ತು ಮೇಡಂ. ನೀವು ಬೆಳಗ್ಗೆ ಹೇಳ್ದಂಗೇ ಒನ್ನೂರ್ ಸುತ್ತ ಮುಚ್ಚಿರೋ ಜಾಗವೆಲ್ಲ ನೋಡ್ಕಂಡ್ ಬಂದ್ವಿ. ಕಬ್ಬಿನ ಗದ್ದೆ ಒತ್ತಿನ ಆಲೆಮನೆ, ಬೆಲ್ಲ ಕಾಯ್ಸೋದು ನಿಂತು ವರ್ಷ ಆಯ್ತು. ಒಳಗೆ ಕ್ರೇನ್ ಲಾರಿ. ಮರದ ಪೆಟ್ಟಿಗೇಲಿ ಕಲ್ಲು ಭದ್ರವಾಗಿ ಅದೆ. ಮೇಲೆ ಗೋರಿಕಲ್ಲು ಅಂತ ಚೀಟಿ ಅಂಟ್ಸವ್ರೆ. ಚೆನ್ನೈ ಬಂದರಿಗೆ ಓಗೋಕೆ ರೆಡಿಯಾಗಿತ್ತು. ಡ್ರೈವರ್ ನಮ್ ಕೈಲಿದಾನೆ."

"ಆಲೆಮನೆ ಯಾರದು?"

"ಯಾರೋ ಶಾಂತರಾಜು ಅಂತಿದಾನಂತೆ ಮೇಡಂ, ಅವ್ನ ಸೋದರಮಾವಂದು."

ಶಾಂತರಾಜು ಕುರ್ಚಿಯಲ್ಲಿ ಕುಸಿದ. ನಯವೆಲ್ಲ ಎತ್ತಲೋ ಹೋಯಿತು. "ಕಲ್ಲು ತಾನೆ ಮೇಡಂ, ಬಾಂಬಲ್ವಲ್ಲ," ಎಂದು ಅಪ್ಪಟ ಒನ್ನೂರ ದನಿಯಲ್ಲಿ ಗೋಗರೆದ. "ದುಬೈನೋರು ಕೇಳುದ್ರು, ಕಳುಸ್ದೆ. ಅವ್ರು ಯಾರ್ಗೆ ಕೊಡ್ತರೆ ಅಂತ ನಂಗೇನ್ ಗೊತ್ತು?"

"ಗೋರಿಕಲ್ಲು ಅಂತ ಬರೆಸಿದ್ಯಲ್ಲ," ಎಂದೆ ನಾನು. ಸುಮ್ಮನಿರಲು ಆಗಲಿಲ್ಲ. "ಅದು ತಲುಪಿದ್ದರೆ ಎಷ್ಟು ಗೋರಿ ಬೇಕಾಗ್ತಿತ್ತೋ, ಆ ಲೆಕ್ಕ ನಿಂಗೆ ಗೊತ್ತಿರ್ಲಿಲ್ವಾ?"

ಹೊರಗೆ ಕೂತಿದ್ದ ನಟರಾಜು ಕೇಳುವ ಮೊದಲೇ ಒಪ್ಪಿಕೊಂಡ. ಕಲ್ಲು ಆರಿಸಬೇಕೆಂದು ಶಾಂತರಾಜು ಕೇಳಿದ್ದಕ್ಕೆ ಬೀಗದ ಕೈ ಒಂದು ದಿನ ಅವನ ಬಳಿ ಬಿಟ್ಟಿದ್ದನಂತೆ. ಕೆಲಸ ಹೋಗುತ್ತದೆಂದು ಸುಳ್ಳು ಹೇಳಿದನಂತೆ. ಕೆನ್ನೆಗೆ ಎರಡು ಬಿಗಿಯೋಣ ಎನಿಸಿತು, ಮೇಡಂ ಇದ್ದುದರಿಂದ ಉಳಿದುಕೊಂಡ.

ಕಾಮತರು ಎದ್ದು ಮೇಡಂಗೆ ಸೆಲ್ಯೂಟ್ ಹೊಡೆದರು. ಅವರ ದರ್ಜೆಗೆ ಅದು ಬೇಕಿರಲಿಲ್ಲ. ಹೊಡೆದರು. ನನ್ನ ಎದೆ ಉಬ್ಬಿತು. ಡ್ರೈವರನ ಫೋನಿನಿಂದ ದುಬೈ ಕೊಂಡಿಯೂ ಸಿಕ್ಕಿತು, ಆ ದಾರಿಯಲ್ಲಿ ಹೋಗಲಿದ್ದ ಇನ್ನೂ ಎರಡು ಸಾಮಾನನ್ನು ಬಂದರಿನಲ್ಲೇ ತಡೆದರು. ಕಡಲಾಚೆಯ ಇಬ್ಬರು ಜಗಳಗಂಟರಲ್ಲಿ ಒಬ್ಬನ ಕ್ಷಿಪಣಿ ಇನ್ನಷ್ಟು ಕಾಲ ಕುರುಡಾಗಿಯೇ ಇರುತ್ತದೆ. ನಮ್ಮ ಠಾಣೆಯ ಕೆಲಸ ಅದು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಬೆಳ್ಳಯ್ಯನನ್ನು ಹೊರಗೆ ಕರೆತಂದರು. ಬೊಮ್ಮಿ ಅವನ ತೋಳು ಮುಟ್ಟಿ ನೋಡಿದಳು, ಬೆನ್ನು ಮುಟ್ಟಿ ನೋಡಿದಳು. ಕಾಮತರು ಯಳಂದೂರಿನಿಂದ ಬೆಟ್ಟಕ್ಕೆ ಬಸ್ಸಿದೆಯೇ ಎಂದು ವಿಚಾರಿಸಿದರು.

"ಬಸ್ಸಲ್ಲಿ ಓಗಕಿಲ್ಲ ಸಾ," ಎಂದಳು ಬೊಮ್ಮಿ.

"ಮತ್ತೆ?"

"ಪೋಡಿಗೆ ಜೀಪ್ ತಕಂಡ್ ಬಂದು, ಎಲ್ರೆದ್ರುಗೂ ಕಳ್ಳನ್ನ ಎತ್ತಾಕಂಡಂಗೆ ಎತ್ತಾಕಂಡ್ ಬಂದ್ರಿ. ಅದೇ ಜೀಪಲ್ಲಿ ಕರ್ಕಂಡೋಗಿ ಬುಡಿ. ಬೆಳಕಿದ್ದಂಗೇ. ಎಲ್ರೂ ನೋಡ್ಬೇಕು."

ಕಾಮತರು ಒಂದು ಗಳಿಗೆ ಯೋಚಿಸಿ, ಜೀಪಿನ ಮುಂದಿನ ಬಾಗಿಲು ತಾವೇ ತೆಗೆದರು. ಬೆಳ್ಳಯ್ಯ ಮುಂದೆ ಕೂತ. ಸಾಹೇಬರು ಹಿಂದೆ, ಬೊಮ್ಮಿ, ಮೇಡಂ ಮತ್ತು ನನ್ನ ನಡುವೆ ಮಂಡಿ ಮಡಚಿಕೊಂಡು.

ಪೋಡಿನಲ್ಲಿ ಜೀಪಿನ ಸದ್ದಿಗೇ ಜನ ಸೇರಿದರು. ಮೊದಲು ಹೆದರಿ ದೂರ ನಿಂತರು. ಬೆಳ್ಳಯ್ಯ ಇಳಿದದ್ದು ಕಂಡು ಹತ್ತಿರ ಬಂದರು. ಕಾಮತರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಬೆಳ್ಳಯ್ಯ ಯಾವ ತಪ್ಪೂ ಮಾಡಿಲ್ಲ. ಅವರು ಹೇಳಿದ್ದು ನಿಜವಾಗಿತ್ತು. ತಪ್ಪಾಗಿ ಕೇಳಿಸಿಕೊಂಡವನು ನಾನು."



"ಇನ್ನೊಂದ್ಸಲ ಏಳಿ ಸಾ," ಎಂದಳು ಬೊಮ್ಮಿ. "ಇಂದೆ ನಿಂತಿರೋರ್ಗೆ ಕೇಳ್ನಿಲ್ಲ."

ಕಾಮತರು ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ಗಟ್ಟಿಯಾಗಿ, ಇನ್ನೊಂದು ಸಲ ಹೇಳಿದರು.