ಸರಿ ಇಲ್ಲದ ಕೈ

ನರ್ಸಮ್ಮ ವಕೀಲಜ್ಜನ ಬಾಗಿಲನ್ನು ದಬದಬ ತಟ್ಟಿದಳು. ತೋಳ ಮೇಲೆ ಹಾಕಿಕೊಂಡು ತಂದಿದ್ದ ಬಿಳಿ ಕೋಟನ್ನು ಕುರ್ಚಿಗೆ ಹಾಕಿ, ಪಕ್ಕದ ಮನೆಯ ದರ್ಜಿ ಅಕ್ಕನ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಬೇಕು, ಪಟ್ಟ ಸಂಕಟಕ್ಕೂ ಪರಿಹಾರ ಕೇಳಬೇಕು ಎಂದಳು.

ಅಜ್ಜ ಕೋರ್ಟು ಬಿಟ್ಟು ಬಹಳ ಕಾಲವಾಗಿತ್ತು. ಆದರೂ ಆ ಕಟ್ಟಡದಲ್ಲಿ ಬೀಗದ ಕೈ ಕಳೆದರೂ, ಬೆಕ್ಕು ಕಳೆದರೂ ಜನ ಮೆಟ್ಟಿಲು ಹತ್ತುತ್ತಿದ್ದದ್ದು ಅವರ ಮನೆಗೇ.

"ಅವಳು ಏನಂದ್ಳು? ಅಕ್ಷರ ಬಿಡದೆ ಹೇಳಮ್ಮ. ಕೋರ್ಟಿಗೆ ಆಡಿದ ಮಾತು ಆಡಿದ ಹಾಗೇ ಬೇಕು."

"'ನರ್ಸಮ್ಮನ ಕೈ ಸರಿ ಇಲ್ಲ' ಅಂದಿದಾಳೆ."

ಪರರ ಮನೆಯ ಒಳಕೋಣೆಯಲ್ಲಿ ದುಡಿಯುವವಳಿಗೆ ಕಳ್ಳಿ ಅನ್ನಿಸಿಕೊಂಡರೆ ಮುಂದೆ ಅನ್ನವಿಲ್ಲ. ಮೇಷ್ಟ್ರ ಮನೆಯಲ್ಲಿ ಹಾಸಿಗೆ ಹಿಡಿದ ಅವರ ತಾಯಿಯನ್ನು ನೋಡಿಕೊಳ್ಳುತ್ತಿದ್ದವಳನ್ನು ಈ ಬೆಳಿಗ್ಗೆ ಹೊಸ್ತಿಲಲ್ಲೇ ತಡೆದು ಕಳಿಸಿದ್ದರು. ಮಾತು ದರ್ಜಿ ಅಕ್ಕನದು ಎಂದರೇ ಹೊರತು ತಂದವರು ಯಾರೆಂದು ಬಾಯಿ ಬಿಡಲಿಲ್ಲ. ಅವರ ಗೇಟಿನ ಬಳಿ ಹೊಸಬಳೊಬ್ಬಳು ಫೋನಿನಲ್ಲಿ, "ಹೂಂ ಭಾವ, ಇವತ್ತಿಂದ್ಲೇ ಬಾ ಅಂದ್ರು," ಎನ್ನುತ್ತಿದ್ದಳು. ಇದನ್ನೆಲ್ಲ ಅಜ್ಜನಿಗೆ ಹೇಳಿ, ಸಂಜೆಯೊಳಗೆ ಸುದ್ದಿ ತಾನು ಹೋಗುವ ಉಳಿದ ಮನೆಗಳಿಗೂ ಮುಟ್ಟುತ್ತದೆ ಎಂದಳು ನರ್ಸಮ್ಮ.

"ದರ್ಜಿ ಅಕ್ಕನ್ನೇ ಕೇಳಿದ್ಯಾ?"

"ಕೇಳ್ದೆ. ಹೂಂ ಅಂತ ತಲೆ ಆಡಿಸಿದ್ಳು. ಬಾಯಲ್ಲಿ ಗುಂಡುಸೂಜಿ ಕಚ್ಕೊಂಡಿದ್ಳು. ಅದನ್ನ ತೆಗೆಯೋವರೆಗೂ ನಾನು ಕಾಯ್ಬೇಕಿತ್ತಾ? ಹೊಲಿಯೋಕೆ ಕೊಟ್ಟಿದ್ದ ಕೋಟು ಎತ್ಕೊಂಡು ಬಂದುಬಿಟ್ಟೆ."

ಬರುವ ಮುಂಚೆ ಓಣಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದದ್ದನ್ನು ಅವಳು ಹೇಳಲಿಲ್ಲ. ಅಜ್ಜನಿಗೆ ಅದು ಮಹಡಿಗೇ ಕೇಳಿಸಿತ್ತು.

ಅವರು ಕೋಟನ್ನು ಮೇಜಿನ ಮೇಲೆ ಹರಡಿದರು. ಒಂದು ತೋಳಿಗೆ ಗರಿಗರಿಯಾಗಿ ಇಸ್ತ್ರಿಯಾಗಿತ್ತು. ಇನ್ನೊಂದು ಸುಕ್ಕುಸುಕ್ಕಾಗಿತ್ತು, ಭುಜದ ಹೊಲಿಗೆಯ ಮೇಲೆ ಸೀಮೆಸುಣ್ಣದ ಗೆರೆಯಿತ್ತು.

"ನೋಟೀಸು ಆಮೇಲೆ," ಎಂದು ಅಜ್ಜ ಮೇಷ್ಟ್ರಿಗೆ ಫೋನು ಹಚ್ಚಿದರು.

ಎಲ್ಲರೂ ಸೇರಿದ್ದು ದರ್ಜಿ ಅಕ್ಕನ ಕೋಣೆಯಲ್ಲಿ. ಮೂಲೆಯಲ್ಲಿ ಮೇಜು ಹಾಕಿಕೊಂಡಿದ್ದ ಇಸ್ತ್ರಿಯವನು ಅಲ್ಲೇ ಇದ್ದ. ಮೇಷ್ಟ್ರು ಒಲ್ಲದ ಮನಸ್ಸಿನಿಂದ ಬಂದರು. ಅತ್ತು ಕಣ್ಣು ಊದಿಸಿಕೊಂಡಿದ್ದ ದರ್ಜಿ ಅಕ್ಕ ತಲೆ ಎತ್ತಲಿಲ್ಲ. ಇಷ್ಟು ಜನರ ಮುಂದೆ ಆ ಮಾತು ಇನ್ನೊಮ್ಮೆ ಬಂದರೆ ಎಲ್ಲಿ ಮುಖ ಇಡಲಿ ಎಂದು ನರ್ಸಮ್ಮ ಗೋಡೆಗೆ ಒರಗಿ ನಿಂತಳು.

ಅಜ್ಜ ಕೋಟನ್ನು ಎತ್ತಿ ಹಿಡಿದರು. "ಇಸ್ತ್ರಿ ಮಾಡೋನು ಒಂದು ಕೈ ಮಾಡಿ ಇನ್ನೊಂದನ್ನ ಯಾಕೆ ಬಿಡ್ತಾನೆ? ಯಾರೋ ತಡೆದಿರಬೇಕು. ಏನು ಹೇಳಿ ತಡೆದೆಯಮ್ಮ?"

"'ನರ್ಸಮ್ಮನ ಕೈ ಸರಿ ಇಲ್ಲ, ಬಿಡು' ಅಂದೆ," ಎಂದಳು ದರ್ಜಿ ಅಕ್ಕ. "ಭುಜದ ಹತ್ರ ಹಿಡೀತಿತ್ತು. ಬಿಚ್ಚಿ ಹೊಲೀಬೇಕಿತ್ತು."

ಹೊಲಿಯುವವರ ಬಾಯಲ್ಲಿ ತೋಳೆಂದರೆ ಕೈ. ನರ್ಸಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ದಾರೀಲಿ ಹೋಗೋರು ಕೇಳಿದ್ರೆ ತಪ್ಪು ತಿಳ್ಕೊಂಡ್ರು ಅನ್ನಬಹುದು," ಅಜ್ಜ ಮೂಲೆಗೆ ತಿರುಗಿದರು. "ಕೇಳಿದ್ದು ನೀನು. ಆ ಕೈ ನಿನ್ನ ಇಸ್ತ್ರಿಪೆಟ್ಟಿಗೆ ಮುಂದೇ ಇತ್ತು. ತಪ್ಪು ತಿಳ್ಕೊಳ್ಳೋಕೆ ಸಾಧ್ಯಾನೇ ಇಲ್ಲ. ಮೇಷ್ಟ್ರೇ, ನಿಮ್ಮ ಮನೆ ಹೊಸಬಳು ಭಾವ ಅನ್ನೋದು ಇವನನ್ನೇ ತಾನೆ?"

ಮೇಷ್ಟ್ರು ತಡವರಿಸಿ ಒಪ್ಪಿಕೊಂಡರು. ಮಾತು ತಂದವನೂ, ಹೆಂಡತಿಯ ತಂಗಿಯನ್ನು ಕೆಲಸಕ್ಕೆ ತಂದು ಬಿಟ್ಟವನೂ ಇವನೇ.

"ಅವಳಿಗೂ ಕೆಲಸ ಬೇಕಿತ್ತು," ಎಂದ ಇಸ್ತ್ರಿಯವನು. "ನಾನು ಸುಳ್ಳು ಹೇಳ್ಲಿಲ್ಲ. ಅಕ್ಕ ಅಂದಿದ್ದನ್ನೇ ಹೇಳಿದೆ."

"ಅದು ಕೋಟಿನ ಕೈ ಅನ್ನೋದನ್ನ ನುಂಗಿಬಿಟ್ಟೆ. ಸುಳ್ಳು ಇರೋದು ಅಲ್ಲೇ."

ಮೇಷ್ಟ್ರು ತಪ್ಪಾಯಿತೆಂದು ಕೈ ಮುಗಿದು, ನಾಳೆಯಿಂದ ಬಾ ತಾಯಿ ಎಂದರು. ಅಜ್ಜ ನರ್ಸಮ್ಮನನ್ನು ನೋಡಿದರು. "ಮೊಕದ್ದಮೆ ಯಾರ ಮೇಲಮ್ಮ ಈಗ? ಓಣಿಗೆಲ್ಲ ಕೇಳೋ ಹಾಗೆ ಬೈದವಳ ಮೇಲೂ ಹಾಕಬಹುದು."

ನರ್ಸಮ್ಮ ಅಜ್ಜನ ಕೈಯಿಂದ ಕೋಟು ತೆಗೆದು ದರ್ಜಿ ಅಕ್ಕನತ್ತ ಚಾಚಿದಳು. ದರ್ಜಿ ಅಕ್ಕ ಅದನ್ನು ತೆಗೆದುಕೊಂಡು, ತೋಳು ಬಿಚ್ಚಿ, ಗುಂಡುಸೂಜಿ ಕಚ್ಚಿಕೊಂಡು ಹೊಲಿಯಲು ಕುಳಿತಳು. ಮಿಷಿನ್ನಿನ ಸದ್ದು ನಿಂತಾಗ ನರ್ಸಮ್ಮನಿಗೆ ಕೋಟು ತೊಡಿಸಿ, ಕೈ ಎತ್ತು ಎಂದು ಸನ್ನೆ ಮಾಡಿದಳು. ಈ ಸಲ ನರ್ಸಮ್ಮ ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆಯುವವರೆಗೂ ಕಾದಳು.

"ಈಗ ನಿನ್ನ ಕೈ ಸರಿ ಇದೆ," ಎಂದಳು ದರ್ಜಿ ಅಕ್ಕ.

"ಸ್ವಲ್ಪ ಜೋರಾಗಿ ಹೇಳಕ್ಕ."

ದರ್ಜಿ ಅಕ್ಕ ಎದ್ದು ಹೋಗಿ ಓಣಿಯ ಕಡೆಯ ಕಿಟಕಿ ತೆರೆದಳು.